ಸುಗಂಧಕ್ಕನ ಗಾಳಿ

ಬರುತ್ತದೆಂದು ಹೇಳಿ ಬಾರದೇ ಇರುವ ಗಾಳಿಗೆ ಕಡಲಂಚಿನ ಹಾರವಾಡದ ಜನ ಒಂದು ಹೆಸರಿಟ್ಟಿದ್ದರು: ಸುಗಂಧಕ್ಕನ ಗಾಳಿ. ಬರಬರುತ್ತ ಆ ಹೆಸರು ಗಾಳಿಯನ್ನು ಬಿಟ್ಟು ಬೇರೆಯದಕ್ಕೂ ಅಂಟಿಕೊಂಡಿತು. ಹಬ್ಬಕ್ಕೆ ಬರುತ್ತೇನೆಂದು ಬಾರದ ನೆಂಟ, ಬಲೆ ನೇಯ್ದು ಕೊಡುತ್ತೇನೆಂದು ಮೂರು ತಿಂಗಳು ಸತಾಯಿಸಿದವನು, ಎಲ್ಲರೂ ಅದೇ ಲೆಕ್ಕ. "ಅವ್ನ ಮಾತಾ? ಸುಗಂಧಕ್ಕನ ಗಾಳಿ, ಬಿಡು" ಎಂದರೆ ಮುಗಿಯಿತು.

ಇದನ್ನು ಸುಗಂಧಾಳಿಗೆ ಮುಟ್ಟಿಸಿದವಳು ಹೊನ್ನು. ಹಾರವಾಡದಿಂದ ಬೆಳಗಿನ ಬಸ್ಸಿಗೆ ಮೀನಿನ ಬುಟ್ಟಿ ಹೊತ್ತು ಬಿಣಗಾಕ್ಕೆ ಬರುವ ಹೊನ್ನು, ಹೆದ್ದಾರಿ ಬದಿಯ ಸಾಲುಮನೆಗಳಲ್ಲಿ ವ್ಯಾಪಾರ ಮುಗಿಸಿ ಕೊನೆಗೆ ಸುಗಂಧಾಳ ಮೆಟ್ಟಿಲ ಮೇಲೆ ಕೂತು ಚಾ ಕುಡಿದೇ ಹೋಗುವವಳು. ಅವಳು ಹೇಳಿದ್ದು ಚುಚ್ಚುವುದಕ್ಕಲ್ಲ. ಬೇರೆ ಯಾರಾದರೂ ಹೇಳಿದರೆ ಹೆಚ್ಚು ನೋಯುತ್ತದೆ ಎಂದು, ತಾನೇ ನಗುತ್ತ ಹೇಳಿಬಿಟ್ಟಿದ್ದಳು. ಹೇಳಿ ಮುಗಿಸಿ, ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಒಣಗಿದ ಮುರುಗಲ ಹಣ್ಣಿನ ಸಿಪ್ಪೆಯನ್ನು ಮೆಟ್ಟಿಲ ಮೇಲಿಟ್ಟು, "ಬಿಸಿನೀರಿಗೆ ಹಾಕ್ಕಂಡು ಕುಡಿ. ನಿನ್ನ ಗಂಟ್ಲು ಕೆಟ್ರೆ ಇಡೀ ಕಾರವಾರ ಮೂಕಾಗ್ತದೆ" ಎಂದಿದ್ದಳು.

ಆ ಮಾತು ತೀರ ಸುಳ್ಳೂ ಆಗಿರಲಿಲ್ಲ. ಅಗಸೂರಿನ ಗದ್ದೆಮನೆಯ ಹುಡುಗಿ ಸುಗಂಧಾ, ಅಂಕೋಲೆಯಲ್ಲಿ ಬಿ.ಎ. ಓದುವಾಗ ಕಾಲೇಜಿನ ಸಮಾರಂಭಗಳಲ್ಲಿ ನಿರೂಪಣೆ ಮಾಡುತ್ತಿದ್ದಳು. ಮದುವೆಯಾಗಿ ಬಿಣಗಾಕ್ಕೆ ಬಂದ ಮೇಲೆ, ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಗಂಡ ಪ್ರದೀಪ, "ಮನೇಲಿ ಕೂತು ನನ್ಗೊಬ್ನಿಗೇ ಎಷ್ಟು ಮಾತಾಡ್ತೀ?" ಎಂದು ತಾನೇ ಅರ್ಜಿ ತಂದುಕೊಟ್ಟಿದ್ದ. ಹಾಗೆ ಕಾರವಾರದ ರೇಡಿಯೋ ಕೇಂದ್ರದಲ್ಲಿ ತಿಂಗಳಿಗೆ ಕೆಲವು ದಿನದ ಉದ್ಘೋಷಕಿಯಾದಳು. ಅದರ ಬೆನ್ನಿಗೇ ತುಳಸಿದಾಸನ ಕೇಬಲ್ ಟಿ.ವಿ.ಗೂ ದನಿ ಕೊಡತೊಡಗಿದಳು. ಸೀರೆ ಅಂಗಡಿಯ ರಿಯಾಯತಿ, ಪೋಲಿಯೋ ಹನಿ, ನೀರು ಬಿಡುವ ಹೊತ್ತು, ಹೊಸ ಫಿನಾಯಿಲು, ಎಲ್ಲಕ್ಕೂ ಅವಳದೇ ದನಿ. ಕಾರವಾರದಿಂದ ಅಂಕೋಲೆಯವರೆಗೆ ಅವಳ ದನಿ ಗೊತ್ತಿಲ್ಲದ ಮನೆಯಿರಲಿಲ್ಲ. ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ "ಒಂದು ಬಿಣಗಾ" ಎಂದು ಟಿಕೀಟು ಕೇಳಿದ್ದೇ ತಡ, ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿ, "ಆ ಫಿನಾಯಿಲು ನೆಲಕ್ಕೆ ಹಾಕಿದ್ರೆ ನಿಜವಾಗ್ಲೂ ಇರುವೆ ಬರೂದಿಲ್ವಾ ತಂಗೀ?" ಎಂದು ಕೇಳಿದ್ದ.

ಗಾಳಿಯ ಕತೆ ಶುರುವಾದದ್ದು ಎರಡು ವರ್ಷದ ಹಿಂದೆ. ಆ ಮಳೆಗಾಲದಲ್ಲಿ ತುಳಸಿದಾಸ ಅವಳನ್ನು ಕರೆಸಿ, ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು ಒಂದೇ ಸಲಕ್ಕೆ ಟೇಪಿಗೆ ಓದಿ ಕೊಡಲು ಹೇಳಿದ್ದ. "ತಾರೀಕು ಮಾತ್ರ ಬೇಡ, ಸುಗಂಧಾಬಾಯಿ. ತಾರೀಕು ಹೇಳಿದ್ರೆ ನಾಳೆಗೆ ಹಳ್ತಾಗ್ತದೆ. ಹೀಗೆ ಓದಿ ಇಟ್ಟರೆ ಯಾವಾಗ ಬೇಕಾದ್ರೂ ಹಾಕ್ಬಹುದು." ಅವಳು ಓದಿದಳು. "ಮೀನುಗಾರರ ಗಮನಕ್ಕೆ. ಅರಬ್ಬೀ ಸಮುದ್ರದಲ್ಲಿ ಬಲವಾದ ಗಾಳಿ ಬೀಸುವ ಸಾಧ್ಯತೆ ಇರುವುದರಿಂದ ಮೀನುಗಾರರು ಕಡಲಿಗೆ ಇಳಿಯಬಾರದೆಂದು ಸೂಚಿಸಲಾಗಿದೆ." ಚೆನ್ನಾಗಿ ಬಂದಿತ್ತು. ಎಷ್ಟು ಚೆನ್ನಾಗಿ ಎಂದರೆ, ಸಿನಿಮಾ ಸಿ.ಡಿ. ಅರ್ಧಕ್ಕೆ ಕೈಕೊಟ್ಟಾಗ, ಜಾಹೀರಾತು ಸಾಲದೆ ಹೊತ್ತು ಖಾಲಿ ಬಿದ್ದಾಗ, ತುಳಸಿದಾಸನ ಆಳುಗಳು ಬೇರೇನೂ ಕೈಗೆ ಸಿಗದೆ ಅದನ್ನೇ ಹಾಕಿಬಿಡುತ್ತಿದ್ದರು. ಸುಡುಬಿಸಿಲಿನಲ್ಲೂ ಬಲವಾದ ಗಾಳಿ ಬೀಸತೊಡಗಿತು. ಹಾರವಾಡದ ಮಕ್ಕಳು ಆಟಕ್ಕೆ ಅದನ್ನೇ ಅವಳ ಧಾಟಿಯಲ್ಲಿ ಒಪ್ಪಿಸಲು ಕಲಿತವು.

ಸುಗಂಧಾ ಎರಡು ಸಲ ಹೋಗಿ ಹೇಳಿ ಬಂದಿದ್ದಳು. ತುಳಸಿದಾಸ ಎರಡು ಸಲವೂ, "ಹೌದು ಬಾಯಿ, ತೆಗೆಸ್ತೇನೆ" ಎಂದಿದ್ದ. ಕೆಟ್ಟವನಲ್ಲ, ಮರೆಯುವವನು.

ಈ ವರ್ಷದ ದೀಪಾವಳಿ ಕಳೆದು ಕಾರ್ತೀಕ ಅರ್ಧ ಸಂದಿತ್ತು. ಬಂಗಡೆ ಮೀನು ದಡದ ಹತ್ತಿರ ಬಂದಿದೆ ಎಂಬ ಸುದ್ದಿಗೆ ಕರಾವಳಿಯುದ್ದಕ್ಕೂ ದೋಣಿಗಳಿಗೆ ಪುರುಸೊತ್ತಿರಲಿಲ್ಲ. ಆ ದಿನ ಮಧ್ಯಾಹ್ನ ಸುಗಂಧಾ ಕೆಲಸಕ್ಕೆ ಹೊರಟಾಗ ಕಡಲು ಎಣ್ಣೆ ಸವರಿದ ಹಾಗೆ ಮಲಗಿತ್ತು. ಎಲೆ ಅಲುಗುತ್ತಿರಲಿಲ್ಲ. ಆ ಸೆಖೆ ಅವಳಿಗೆ ಸರಿಬರಲಿಲ್ಲ. ಆದರೆ ಸೆಖೆಯ ಬಗ್ಗೆ ಯಾರಾದರೂ ಕೇಳಿದ್ದರೆ ಏನೆಂದು ಹೇಳಬೇಕೆಂದೂ ಅವಳಿಗೆ ತಿಳಿದಿರಲಿಲ್ಲ.

ಸಂಜೆಯ ಪಾಳಿಯ ಅಧಿಕಾರಿ ದತ್ತಾ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ಅವನ ಸಹಿಯಿಲ್ಲದ ಕಾಗದದಿಂದ ಒಂದಕ್ಷರವೂ ಗಾಳಿಗೆ ಹೋಗುವಂತಿರಲಿಲ್ಲ. ಉದ್ಘೋಷಕರು "ನಮಸ್ಕಾರ" ಎನ್ನುವುದಕ್ಕೂ ಅವನ ಮೊಹರು ಬೇಕು ಎಂದು ಉಳಿದವರು ತಮಾಷೆ ಮಾಡುತ್ತಿದ್ದರು. ಸುಗಂಧಾಳನ್ನು ಕಂಡರೆ ಅವನಿಗೆ ಗೌರವ. ಕಾರಣ, ಅವಳು ಕಾಗದದಲ್ಲಿದ್ದದ್ದನ್ನು ಕಾಗದದಲ್ಲಿದ್ದ ಹಾಗೇ ಓದುತ್ತಿದ್ದಳು. ನಿನ್ನೆ ಓದಿದ ವಾಕ್ಯ ಇಂದೂ ಅದೇ ತೂಕದಲ್ಲಿ ಬರುತ್ತಿತ್ತು.

ಐದು ದಾಟುವ ಹೊತ್ತಿಗೆ ಜಿಲ್ಲಾ ಕಚೇರಿಯಿಂದ ಫ್ಯಾಕ್ಸ್ ಬಂತು. ಸೂರ್ಯ ಮುಳುಗಿದ ಮೇಲೆ ನೈಋತ್ಯದಿಂದ ಭಾರೀ ಗಾಳಿ, ದೊಡ್ಡ ತೆರೆಗಳು. ದತ್ತಾ ಅದನ್ನು ಎರಡು ಸಲ ಓದಿ, ಕನ್ನಡಕ್ಕಿಳಿಸಿ, ಸಹಿ ಮಾಡಿ ಪ್ರಸಾರದ ಗಾಜಿನ ಕೋಣೆಗೆ ಕೊಟ್ಟು ಕಳಿಸಿದ. ಆಗ ನಡೆಯುತ್ತಿದ್ದ ಕಾರ್ಯಕ್ರಮವನ್ನು ನಿಲ್ಲಿಸಿ ಸುಗಂಧಾ ಓದಿದಳು. "ಮೀನುಗಾರರ ಗಮನಕ್ಕೆ. ಅರಬ್ಬೀ ಸಮುದ್ರದಲ್ಲಿ ಬಲವಾದ ಗಾಳಿ ಬೀಸುವ ಸಾಧ್ಯತೆ..."

ಅರ್ಧ ವಾಕ್ಯದಲ್ಲೇ ಅವಳಿಗೆ ಗೊತ್ತಾಯಿತು. ಅದೇ ವಾಕ್ಯ, ಅದೇ ತೂಕ. ತಾನು ಓದುತ್ತಿರುವುದು ತುಳಸಿದಾಸನ ಟೇಪಿನ ಪಡಿಯಚ್ಚು ಎಂದು ಅವಳ ಕಿವಿಗೇ ಕೇಳಿಸಿತು. ಓದಿ ಮುಗಿಸಿ ಹೊರಗೆ ಬಂದವಳೇ ದತ್ತಾನ ಮೇಜಿನ ಫೋನಿನಿಂದ ಹಾರವಾಡದ ಬೊಮ್ಮಯ್ಯನ ಅಂಗಡಿಗೆ ಕರೆ ಮಾಡಿದಳು. ಕಡಲ ದಂಡೆಯಲ್ಲಿ ಆ ಅಂಗಡಿಯದೊಂದೇ ಫೋನು.

"ಬೊಮ್ಮಯ್ಯಣ್ಣಾ, ಈಗ ರೇಡಿಯೋದಲ್ಲಿ ಹೇಳಿದ್ದು ಕೇಳಿದ್ರಾ?"

"ಕೇಳ್ದೆ ಮಾರಾಯ್ತಿ. ಎಲ್ರೂ ಕೇಳಿದ್ರು. ದೋಣಿ ನೂಕ್ತಾ ಇದ್ರು ಆಗ. ಜಟ್ಟಿ ಎಂತಾ ಹೇಳ್ದ ಗೊತ್ತದೆಯಾ? 'ಸುಗಂಧಕ್ಕನ ಗಾಳಿ ಬಂತು, ಪಂಚೆ ಗಟ್ಟಿ ಕಟ್ಕಳಿ' ಅಂದ. ನಗಾಡ್ತಾನೇ ಹೋದ್ರು."

"ಹೋದ್ರಾ?"

"ಈಗಷ್ಟೇ. ಐದು ದೋಣಿ. ಎಂತಕ್ಕೆ? ಖರೇನಾ ಇದು?"

ಜಟ್ಟಿ ಅಂದರೆ ಹೊನ್ನುವಿನ ಗಂಡ, ಬೀರನ ಅಪ್ಪ. ಬೆಳಿಗ್ಗೆ ಇದೇ ಹೊನ್ನು ಮೆಟ್ಟಿಲ ಮೇಲೆ ಕೂತು, ಸಂಜೆಗೆ ಒಳ್ಳೆ ಬಂಗಡೆ ಸಿಗ್ತದೆ, ನಾಳೆ ನಿಂಗೆ ದಪ್ಪಂದು ಇಡ್ತೆ ಎಂದು ಹೇಳಿ ಹೋಗಿದ್ದಳು.

"ಖರೇ ಬೊಮ್ಮಯ್ಯಣ್ಣಾ. ನನ್ನ ಮೇಲಾಣೆ ಖರೇ. ಕೂಗಿ ಕರೀರಿ."

"ಮಶಿನ್ ಸದ್ದಿಗೆ ಕೇಳ್ತದಾ? ಆಗ್ಲೇ ದೂರ ಹೋದ್ರು." ಬೊಮ್ಮಯ್ಯನ ದನಿ ತಗ್ಗಿತು. "ಎರಡು ದೋಣಿ ಮೇಲೆ ರೇಡಿಯೋ ಅದೆ. ಐದೂವರೆ ಹಾಡಿಗೆ ಹಚ್ತಾರೆ. ಅದೊಂದೇ."

ಐದೂವರೆಯ ಹಾಡೆಂದರೆ ಕೋರಿಕೆಯ ಕಾರ್ಯಕ್ರಮ. ಕೇಳುಗರು ಕಾರ್ಡು ಬರೆದು ಹಾಡು ಕೇಳುತ್ತಾರೆ. ಕೇಳಿದವರ ಹೆಸರನ್ನೂ ಊರನ್ನೂ ಓದಿ ಹಾಡು ಹಾಕುವುದು. ಬಲೆ ಬಿಟ್ಟು ಕಾಯುವ ಹೊತ್ತಿಗೆ ಕಡಲಿನವರಿಗೆ ಅದೇ ಜೊತೆ. ಇನ್ನು ಹತ್ತು ಹನ್ನೆರಡು ನಿಮಿಷ ಇತ್ತು. ಆ ಕಾರ್ಯಕ್ರಮದಲ್ಲಿ ಇನ್ನೊಂದು ಸಲ ಎಚ್ಚರಿಕೆ ಓದಬಹುದು. ಓದಿದರೆ ಇನ್ನೊಂದು ಸಲ ನಗುತ್ತಾರೆ.

"ಹೊನ್ನಕ್ಕನ್ನ ಕರೀರಿ," ಎಂದಳು ಸುಗಂಧಾ. "ದೋಣಿ ಹೋದ ಮನೆ ಹೆಂಗಸ್ರನ್ನೆಲ್ಲ ಕರೀರಿ. ಫೋನು ಇಡ್ಬೇಡಿ."

ದತ್ತಾ ಮೇಜಿನ ಆಚೆಯಿಂದ ನೋಡುತ್ತಿದ್ದ. "ಎಂತ ಮಾಡ್ತಾ ಇದ್ದೀರಿ?"

"ಸರ್, ಕೇಬಲ್ ಟಿ.ವಿ.ಯಲ್ಲಿ ದಿನಾ ಬರೋ ಟೇಪೇ ಇದೂ ಅಂತ ಅವರು ಅಂದ್ಕೊಂಡಿದ್ದಾರೆ. ನಾನು ಬದುಕಿರೋ ಮನುಷ್ಯಳು ಅಂತ ಅವರಿಗೆ ಗೊತ್ತಾಗ್ಬೇಕು. ಹೆಸರು ಹಿಡಿದು ಕರೀತೇನೆ."

"ಕಾಗದದಲ್ಲಿ ಇಲ್ಲದ್ದು ಓದೂಕೆ ಬರೂದಿಲ್ಲ. ನಿಮಗೆ ಗೊತ್ತುಂಟು. ಮೇಲಿನವರಿಗೆ ಫೋನ್ ಮಾಡಿ ಕೇಳ್ತೇನೆ, ಇರಿ." ದತ್ತಾ ಇನ್ನೊಂದು ಫೋನು ಎತ್ತಿ ಅಂಕಿ ತಿರುಗಿಸಿದ. ಆಚೆ ಗಂಟೆ ಹೊಡೆಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ತಿರುಗಿಸಿದ.

ಇತ್ತ ಸುಗಂಧಾಳ ಕಿವಿಯಲ್ಲಿ ಹೊನ್ನು ಏದುಸಿರು ಬಿಡುತ್ತಿದ್ದಳು. "ಎಂತಾ ಆಯ್ತೆ? ಬೊಮ್ಮಯ್ಯ ಎಂತೆಂತೋ ಹೇಳ್ತಾನೆ."

"ಹೊನ್ನಕ್ಕ, ಖರೇ ಗಾಳಿ ಬರ್ತಾ ಅದೆ. ಜಟ್ಟಿ ಹೋಗಿದ್ದು ಗೊತ್ತಾಯ್ತು. ಉಳಿದ ದೋಣಿಯವ್ರು ಯಾರ್ಯಾರು? ಹೆಸರು ಹೇಳ್ಸು ಬೇಗ."

ಅತ್ತಲಿಂದ ಗುಜುಗುಜು. ಹೆಸರು ಮಾತ್ರ ಬರಲಿಲ್ಲ.

"ಹೊನ್ನಕ್ಕಾ!"

"ಹೆಂಗೆ ಹೇಳ್ತಾವೆ ಅವು?" ಎಂದಳು ಹೊನ್ನು. "ಗಂಡನ ಹೆಸ್ರು ಹೇಳೂದಿಲ್ಲ ನಮ್ಮಲ್ಲಿ. ಅದ್ರಲ್ಲೂ ಕಡಲಿಗೆ ಹೋಗಿರೂವಾಗ ಯಾರ ಗಂಡನ ಹೆಸ್ರೂ ಯಾವ ಹೆಂಗ್ಸೂ ಹೇಳೂಕಾಗೂದಿಲ್ಲ. ಹೇಳಿದ್ರೆ ಕಡಲು ಕೇಳಿಸ್ಕಳ್ತದೆ ಅಂತಾರೆ."

"ಅಯ್ಯೋ, ಬೊಮ್ಮಯ್ಯಣ್ಣನ ಹತ್ರ ಹೇಳ್ಸು!"

"ಅವ ದಂಡೆ ಮೇಲೆ ಓಡ್ದ, ಲಾಟೀನು ತಕ್ಕಂಡು."

ಸುಗಂಧಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಹೆಸರು ಒಂದಿದ್ದರೆ ಸಾಕು, ಆ ಹೆಸರನ್ನೇ ಈ ಹೆಂಗಸರು ಬಾಯೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಾರೆ. ಅಷ್ಟರಲ್ಲಿ ಫೋನಿನ ಹತ್ತಿರ ಇನ್ನೊಂದು ದನಿ ಬಂತು, ಗಟ್ಟಿಯಾದ ದನಿ: "ನಾ ಸುಕ್ರಿ. ನಮ್ಮ ಪ್ರೇಕ್ಷಾನ ಅಪ್ಪ ಹೋಗಾನೆ. ಹಂಗೇ ಕರಿ. ಮನೇಲಿ ನಾ ಅದನ್ನೇ ಕರೀದು, ಅವ್ರಿಗೆ ತಿಳೀತದೆ."

ಕಾರ್ಯಕ್ರಮದ ಹೊತ್ತಾಯಿತೆಂದು ಗೋಡೆಯ ಗಡಿಯಾರದ ಕೆಳಗೆ ಕೆಂಪು ದೀಪ ಹತ್ತಿತು. ಸುಗಂಧಾ ಫೋನನ್ನು ಇಡದೆ ಮೇಜಿನ ಮೇಲೇ ಮಲಗಿಸಿ, ಗಾಜಿನ ಕೋಣೆಯೊಳಕ್ಕೆ ಓಡಿದಳು.

ಅವಳ ಮುಂದೆ ಸಹಿಯಾದ ಕಾಗದ ಇತ್ತು. ಮೊದಲ ಹಾಡು ಕೋರಿದ ಐದಾರು ಊರಿನವರ ಹೆಸರೂ ಇತ್ತು. ಮೈಕಿನ ಗುಂಡಿ ಒತ್ತಿದಳು. "ಕೇಳುಗರೇ, ಕೋರಿಕೆಯ ಕಾರ್ಯಕ್ರಮಕ್ಕೆ ಸ್ವಾಗತ" ಎಂಬಲ್ಲಿಯವರೆಗೆ ಕಾಗದದಲ್ಲಿದ್ದದ್ದೇ ಬಂತು. ಮುಂದಿನದು ಬರಲಿಲ್ಲ.

"ಇಂದಿನ ಮೊದಲ ಕೋರಿಕೆ ಹಾರವಾಡದಿಂದ. ಇದು ಕಾರ್ಡಿನಲ್ಲಿ ಬಂದದ್ದಲ್ಲ, ಈಗ ಫೋನಿನಲ್ಲಿ ಬಂದದ್ದು. ಕೋರಿದವರು ಹೊನ್ನು. ಅವರು ಕೇಳಿದ್ದು ಹಾಡಲ್ಲ. ಬೀರನ ಅಪ್ಪ ಈಗಿಂದೀಗ ದೋಣಿ ತಿರುಗಿಸಿಕೊಂಡು ಮನೆಗೆ ಬರಬೇಕಂತೆ."

ಗಾಜಿನಾಚೆ ದತ್ತಾ ಎದ್ದು ನಿಂತ.

"ಎರಡನೆಯ ಕೋರಿಕೆ ಸುಕ್ರಿಯವರದು. ಅವರು ಕೇಳಿದ್ದೂ ಹಾಡಲ್ಲ. ಪ್ರೇಕ್ಷಾನ ಅಪ್ಪ ತಿರುಗಿ ಬರಬೇಕು. ಬಲೆ ಹೋದರೆ ಹೋಗಲಿ, ಕೊಯ್ದು ಬಿಟ್ಟು ಬರಬೇಕು." ಕೊನೆಯ ಮಾತನ್ನು ಸುಕ್ರಿ ಹೇಳಿರಲಿಲ್ಲ. ಆದರೆ ಯಾವ ಹೆಂಗಸಾದರೂ ಹೇಳುವ ಮಾತೇ ಅದು.

ದತ್ತಾನ ಕೈ ಒಂದು ಸ್ವಿಚ್ಚಿನ ಮೇಲೆ ಇತ್ತು. ಅದನ್ನು ಒತ್ತಿದರೆ ಅವಳ ದನಿ ನಿಂತು ಹಾಡು ಶುರುವಾಗುತ್ತಿತ್ತು. ಅವಳು ಅವನ ಮುಖ ನೋಡಲಿಲ್ಲ, ಬೆರಳನ್ನೇ ನೋಡುತ್ತ ಮಾತಾಡಿದಳು. "ಇದು ಟೇಪಲ್ಲ. ನಾ ಅಗಸೂರಿನ ಸುಗಂಧಾ ಈಗ ಕೂತ್ಕಂಡು ಹೇಳ್ತಾ ಇದ್ದೇನೆ. ಬೀರನ ಅಪ್ಪಾ, ನಗಾಡಿದ್ದು ಸಾಕು. ನೈಋತ್ಯದ ಗಾಳಿ ಎದ್ದದೆ." ಊರಿನ ಮಾತು ತನ್ನಷ್ಟಕ್ಕೆ ಬಾಯಿಗೆ ಬಂದಿತ್ತು. ಆ ಕೋಣೆಯಲ್ಲಿ ಆ ಮಾತನ್ನು ಅವಳು ಎಂದೂ ಆಡಿರಲಿಲ್ಲ.

ದತ್ತಾನ ಬೆರಳು ಬಿಗಿಯಿತು. ಅದೇ ಗಳಿಗೆಗೆ ಅವನು ಪಕ್ಕಕ್ಕೆ ತಿರುಗಿದ. ಮೇಜಿನ ಮೇಲೆ ಅಂಗಾತ ಬಿದ್ದಿದ್ದ ಫೋನು ಕಿರುಚುತ್ತಿದ್ದಿರಬೇಕು. ಅವನು ಅದನ್ನು ಎತ್ತಿ ಕಿವಿಗೆ ಹಿಡಿದ. ಹುಬ್ಬು ಗಂಟಿಕ್ಕಿತು. ಏನೋ ಕೇಳಿದ, ಮತ್ತೆ ಕೇಳಿದ. ಸ್ವಿಚ್ಚಿನಿಂದ ಕೈ ತೆಗೆದು ಜೇಬಿನ ಪೆನ್ನು ಎಳೆದು, ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಗಾಜಿಗೆ ಒತ್ತಿ ಹಿಡಿದ.

"ಸುಜಯನ ಅಪ್ಪ. ರಕ್ಷಿತಾನ ಅಪ್ಪ."

ಕೆಳಗೆ ಅವನ ಸಹಿ ಇತ್ತು. ಕೈ ಅಭ್ಯಾಸಕ್ಕೆ ಮಾಡಿತೋ, ಮನಸ್ಸು ತಿಳಿದು ಮಾಡಿತೋ, ಅವನನ್ನೇ ಕೇಳಬೇಕು. ಅಂತೂ ಆ ಹಾಳೆ ಈಗ ಓದಬಹುದಾದ ಕಾಗದ. ಸುಗಂಧಾ ಓದಿದಳು. ಓದಿ, ಮೊದಲಿನಿಂದ ಮತ್ತೆ ಎಲ್ಲರನ್ನೂ ಕರೆದಳು. ಮಶಿನಿನ ಸದ್ದಿನ ನಡುವೆ ಒಂದು ಸಲಕ್ಕೆ ಕೇಳದಿದ್ದರೆ ಮೂರನೇ ಸಲಕ್ಕಾದರೂ ಕೇಳಲಿ ಎಂದು ಹಾಡು ಹಾಕದೆ, ನಿಲ್ಲಿಸದೆ, ಕರೆಯುತ್ತಲೇ ಹೋದಳು. ಕಾರವಾರದಲ್ಲಿ, ಅಂಕೋಲೆಯಲ್ಲಿ, ಹಾಡಿಗೆಂದು ರೇಡಿಯೋ ಹಚ್ಚಿದವರೆಲ್ಲ ಯಾರ್ಯಾರದೋ ಮಕ್ಕಳ ಅಪ್ಪಂದಿರನ್ನು ಕರೆಯುವುದನ್ನು ಕೇಳುತ್ತ ಕೂತರು.

ನಾಲ್ಕಾಯಿತು. ಐದನೆಯದು?

ದತ್ತಾ ಫೋನಿಗೆ ಬಾಯಿಟ್ಟು ಏನೋ ಕೂಗಿದ. ಆಮೇಲೆ ಪೆನ್ನು ಹಿಡಿದು ಸುಮ್ಮನೆ ನಿಂತ. ಅವಳು ಕೈಸನ್ನೆಯಲ್ಲೇ ಕೇಳಿದಳು. ಅವನು ನಿಧಾನ ಬರೆದು ತೋರಿಸಿದ: "ಭಾರತಿ. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲವಂತೆ."

ಸುಗಂಧಾ ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು. ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ತಪ್ಪಿಲ್ಲ ಎಂದು ಕಲಿತವಳು ಅವಳು.

"ಐದನೆಯ ಕೋರಿಕೆ ಭಾರತಿಯದು. ಅವಳ ಕೂಸು ಇನ್ನೂ ತೊಟ್ಟಿಲಲ್ಲಿ ಅದೆ. ಹೆಸರಿಡೂಕೆ ಅಪ್ಪ ಬೇಕಂತೆ. ತೊಟ್ಟಿಲ ಕೂಸಿನ ಅಪ್ಪಾ, ಬಾ. ಅವ್ನ ಹತ್ರ ರೇಡಿಯೋ ಇಲ್ದಿದ್ರೆ, ಇದ್ದವ್ರು ಹೋಗಿ ಕರ್ಕಂಡು ಬನ್ನಿ."

ಅಷ್ಟರಲ್ಲಿ ಹೊರಗೆ ಕಿಟಕಿಯೊಂದು ರಪ್ಪನೆ ಬಡಿಯಿತು. ದತ್ತಾನ ಮೇಜಿನ ಹಾಳೆಗಳು ಹಾರಿದವು. ಅವನು ಫೋನನ್ನು ಕಿವಿಗೆ ಒತ್ತಿಕೊಂಡೇ ಬಗ್ಗಿ ಹಿಡಿಯಲು ಹೋಗಿ, ಎಲ್ಲ ಬಿಟ್ಟು, ಅವಳ ಕಡೆ ತಿರುಗಿ ಎರಡು ಬೆರಳೆತ್ತಿದ. ಎರಡು ದೋಣಿ ತಿರುಗಿದ್ದು ಕಾಣುತ್ತಿದೆ. ಅವಳು ತಲೆಯಾಡಿಸುವ ಮೊದಲೇ ಅವನು ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿ, ಅಲ್ಲಾಡಿಸಿ, ಕೆಳಗಿಟ್ಟ. ತಂತಿ ಸತ್ತಿತ್ತು. ಹಿಂದೆಯೇ ಕರೆಂಟು ಹೋಗಿ, ಜನರೇಟರಿನ ಗುಡುಗು ಶುರುವಾಯಿತು.

ಕಾರ್ಯಕ್ರಮದ ಉಳಿದ ಹೊತ್ತನ್ನೂ ಸುಗಂಧಾ ಹಾಗೇ ಕರೆಯುತ್ತ ಕಳೆದಳು. ಕೊನೆಯಲ್ಲಿ ದನಿ ಒಡೆದು, ಒಂದೊಂದು ಅಕ್ಷರಕ್ಕೂ ಗಂಟಲು ಉರಿಯಿತು. ಮುಂದಿನ ಕಾರ್ಯಕ್ರಮಕ್ಕೆ ಬೇರೆ ಊರಿನ ಪ್ರಸಾರ ಜೋಡಿಕೊಂಡಾಗ, ಅವಳು ಹೊರಗೆ ಬಂದು ಕುರ್ಚಿಯಲ್ಲಿ ಕುಸಿದಳು.

ದತ್ತಾ ಹಾರಿದ ಹಾಳೆಗಳನ್ನು ಆರಿಸುತ್ತಿದ್ದ. "ವರದಿ ಬರೀಬೇಕಾಗ್ತದೆ," ಎಂದ ಅವಳತ್ತ ನೋಡದೆ. "ಬರೀದೇ ಇರೂಕೆ ನಂಗೆ ಬರೂದಿಲ್ಲ. ಮುಂದಿನ ತಿಂಗಳು ನಿಮ್ಮನ್ನ ಕರೀತಾರೋ ಇಲ್ವೋ, ನಾ ಹೇಳ್ಲಿಕ್ಕಾಗ."

"ಬರೀರಿ ಸರ್."

"ನನ್ನ ಸಹಿ ಇರೋ ಹಾಳೆನೂ ಲಗತ್ತಿಸ್ತೇನೆ." ಹೀಗೆಂದು ಗೋಡೆಯ ಮೊಳೆಯಲ್ಲಿದ್ದ ತನ್ನ ರೇನ್‌ಕೋಟು ತೆಗೆದು ಅವಳ ಮಡಿಲಿಗೆ ಹಾಕಿದ. "ನಿಮ್ಮವರು ಬಂದಿದ್ದಾರೆ, ಕೆಳಗೆ ಸ್ಕೂಟರ್ ಸದ್ದು ಕೇಳಿತು."

ಪ್ರದೀಪ ಬಿಣಗಾದ ಮನೆಯಲ್ಲಿ ರೇಡಿಯೋ ಕೇಳುತ್ತಿದ್ದವನು, ಅವಳ ದನಿ ಒಡೆದದ್ದು ಕೇಳಿ ಹೊರಟು ಬಂದಿದ್ದ. "ಹಾರವಾಡಕ್ಕಾ?" ಎಂದ, ಅಷ್ಟೇ. ಅವಳು ಹಿಂದೆ ಕೂತಳು.

ಹೆದ್ದಾರಿಯಲ್ಲಿ ಗಾಳಿ ಸ್ಕೂಟರನ್ನು ಅಡ್ಡಡ್ಡ ನೂಕುತ್ತಿತ್ತು. ಎರಡು ಕಡೆ ಮರ ಬಿದ್ದಿತ್ತು; ಒಂದು ಕಡೆ ಲಾರಿಯವರು ಇಳಿದು ಕೊಂಬೆ ಎಳೆಯುತ್ತಿದ್ದವರು, ಹೆಂಗಸು ಹಿಂದೆ ಕೂತಿದ್ದು ಕಂಡು, ಇವರ ಸ್ಕೂಟರನ್ನು ನಾಲ್ಕು ಜನ ಎತ್ತಿ ಆಚೆ ದಾಟಿಸಿದರು. ಯಾರು, ಎಲ್ಲಿಗೆ ಎಂದು ಕೇಳಲೂ ಇಲ್ಲ.

ದಂಡೆಗೆ ಬಂದಾಗ ಪೂರಾ ಕತ್ತಲು. ಬೊಮ್ಮಯ್ಯನ ಲಾಟೀನು ಆರಿಹೋಗಿತ್ತು. ಹಳೇ ಟಾಯರೊಂದಕ್ಕೆ ಬೆಂಕಿ ಹಚ್ಚಿದ್ದರು, ಅದರ ಕೆಂಪಿನಲ್ಲಿ ಮುಖಗಳು ಕಾಣುತ್ತಿದ್ದವು. ಮೇಲೆಳೆದು ಹಾಕಿದ ದೋಣಿಗಳನ್ನು ಸುಗಂಧಾ ಎಣಿಸಿದಳು. ನಾಲ್ಕು.

ಹೊನ್ನು ಅವಳನ್ನು ಕಂಡು ಬಂದು ತೋಳು ಹಿಡಿದಳು. ಮೈಯೆಲ್ಲ ಒದ್ದೆ. "ಬೀರನ ಅಪ್ಪ ಬಂದ್ರು. ಸುಕ್ರಿಯವ್ರೂ ಬಂದ್ರು." ಎಂದು ಕಡಲ ಕಡೆ ನೋಡಿದಳು.

ಜಟ್ಟಿ ನೀರಿನಂಚಿನಲ್ಲಿ ನಿಂತಿದ್ದ. ಅವನ ಬಾಯಲ್ಲಿ ತಮಾಷೆ ಇರಲಿಲ್ಲ. "ನಾ ಭಾರತಿ ಗಂಡನ ಹತ್ರ ಹೋಗಿ ಕೂಗ್ದೆ ಸುಗಂಧಕ್ಕ. ಕೈ ಮಾಡ್ದ, ತಿರುಗ್ದ. ಹಿಂದೇ ಇದ್ದ. ಆಮೇಲೆ ಒಂದು ತೆರೆ ಬಂತು ನೋಡು, ಅದ್ರಾಚೆ ಕಾಣ್ಲಿಲ್ಲ. ಮಶಿನ್ ನಿಂತಿರ್ಬೇಕು."

ಭಾರತಿ ಬೆಂಕಿಯ ಪಕ್ಕ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಿಂತಿದ್ದಳು. ಇಪ್ಪತ್ತು ದಾಟಿದ ಹುಡುಗಿ. ಅಳುತ್ತಿರಲಿಲ್ಲ. ಅಳುವವರನ್ನು ನೋಡುವುದಕ್ಕಿಂತ ಅವಳನ್ನು ನೋಡುವುದೇ ಕಷ್ಟವಾಗಿತ್ತು. ಒಬ್ಬ ಮುದುಕಿ ಸುಗಂಧಾಳ ಹತ್ತಿರ ಬಂದು ಮುಖ ದಿಟ್ಟಿಸಿದಳು. "ನೀನೇ ಅಲ್ದಾ ರೇಡಿಯೋದವ್ಳು? ಮತ್ತೊಂದ್ಸಲ ಕರಿ. ನಿನ್ ದನಿಗೆ ಬಂದ್ರು ಉಳ್ದವ್ರು."

ಸುಗಂಧಾ ಕರೆಯಲು ಬಾಯಿ ತೆರೆದಳು. ಗಾಳಿಯಂತೂ ಇತ್ತು, ದನಿ ಇರಲಿಲ್ಲ. ಕಿರುಬೆರಳಷ್ಟು ಸದ್ದು ಹೊರಟು ತುಟಿಯಲ್ಲೇ ಸತ್ತಿತು. ಅವಳು ತಲೆ ಅಲ್ಲಾಡಿಸಿದಳು. ಮುದುಕಿ ಅವಳ ಬೆನ್ನು ಸವರಿ, "ಇರ್ಲಿ ಬಿಡು ಮಗಾ" ಎಂದು, ತಾನೇ ಕಡಲಿಗೆ ಮುಖ ಮಾಡಿ ಕೂಗಿದಳು. ಸುಕ್ರಿ ಕೂಗಿದಳು. ಹೊನ್ನು ಕೂಗಿದಳು. ಹೆಂಗಸರೆಲ್ಲ ಸಾಲಾಗಿ ನಿಂತು, ತೊಟ್ಟಿಲ ಕೂಸಿನ ಅಪ್ಪಾ, ತೊಟ್ಟಿಲ ಕೂಸಿನ ಅಪ್ಪಾ ಎಂದು ಕರೆಯತೊಡಗಿದರು. ಗಂಡಸರು ಇನ್ನೊಂದು ಟಾಯರು ಬೆಂಕಿಗೆ ಎಸೆದರು.

ಎಷ್ಟು ಹೊತ್ತು ಕರೆದರೋ. ಒಮ್ಮೆ ಜಟ್ಟಿ, "ಸುಮ್ನಿರಿ!" ಎಂದು ಕೈಯೆತ್ತಿದ. ಎಲ್ಲರೂ ನಿಂತರು. ತೆರೆಯ ಅಬ್ಬರದ ಒಳಗೆ ಬೇರೆಯದೊಂದು ಸದ್ದು: ಹುಟ್ಟಿನ ಮರ ದೋಣಿಯಂಚಿಗೆ ಬಡಿಯುವ ಸದ್ದು. ಜಟ್ಟಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಬಿದ್ದ. ಇನ್ನಿಬ್ಬರು ಅವನ ಹಿಂದೆ. ಬೆಂಕಿಯ ಬೆಳಕು ತಲುಪುವ ಕೊನೆಯಲ್ಲಿ ಒಂದು ಕಪ್ಪು ಮೂತಿ ಎದ್ದಿತು, ಮುಳುಗಿತು, ಮತ್ತೆ ಎದ್ದಿತು.

"ಎಳೀರಿ!"

ಹಗ್ಗದ ತುದಿ ದಂಡೆಗೆ ಬಂದಿದ್ದೇ ಸಿಕ್ಕವರೆಲ್ಲ ಹಿಡಿದರು. ಪ್ರದೀಪ ಪ್ಯಾಂಟು ಮಡಚದೆ ನುಗ್ಗಿದ. ಭಾರತಿ ಸುತ್ತ ಒಮ್ಮೆ ನೋಡಿ, ಹತ್ತಿರ ನಿಂತಿದ್ದ ಸುಗಂಧಾಳ ತೋಳಿಗೆ ಕೂಸನ್ನು ಹಾಕಿ, ಹಗ್ಗಕ್ಕೆ ಓಡಿದಳು. ಒಂದು ಪರಿಚಯದ ಮಾತೂ ಆಗಿರಲಿಲ್ಲ ಅವರಿಬ್ಬರ ನಡುವೆ.

ಕೂಸು ಎದ್ದು ಚೀರಿತು. ಸುಗಂಧಾ ದತ್ತಾನ ರೇನ್‌ಕೋಟನ್ನು ಅದರ ಮೇಲೆ ಹೊದಿಸಿ, ಎದೆಗೆ ಒತ್ತಿ ತೂಗಿದಳು. ಜೋ ಎನ್ನಲು ದನಿಯಿಲ್ಲ. ಬರೀ ಉಸಿರನ್ನೇ ಅದರ ನೆತ್ತಿಯ ಮೇಲೆ ಬಿಡುತ್ತ ತೂಗಿದಳು. ಎದುರಿಗೆ ಹಗ್ಗ ಬಿಗಿಯಾಗುತ್ತಿತ್ತು, ಸಡಿಲಾಗುತ್ತಿತ್ತು. ಎಲ್ಲರ ಬೆನ್ನೂ ಒಟ್ಟಿಗೆ ಬಾಗುತ್ತಿತ್ತು. ಕಡೆಗೊಮ್ಮೆ ದೋಣಿಯ ಅಡಿ ಮರಳಿಗೆ ತಾಗಿ ಕರಕರ ಎಂದಿತು.

ಅವನು ದೋಣಿಯಿಂದ ಇಳಿದದ್ದಲ್ಲ, ಬಿದ್ದದ್ದು. ಮೊಣಕಾಲೂರಿ ಒಂದಿಷ್ಟು ಉಪ್ಪುನೀರು ಕಾರಿ, ಎದ್ದ. ಭಾರತಿ ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡವಳು ಬಿಡಲೇ ಇಲ್ಲ. ಹಾಗೆ ಹಿಡಿದುಕೊಂಡೇ ಬೆಂಕಿಯ ಹತ್ತಿರ ನಡೆಸಿಕೊಂಡು ಬಂದಳು. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಕೂಸಿನ ಚೀರಾಟ ಕೇಳಿ ಸುಗಂಧಾಳ ಕಡೆ ತಿರುಗಿ, ನೀರು ಸುರಿಯುವ ಎರಡೂ ಕೈಯನ್ನು ಚಾಚಿದ.

ಸುಗಂಧಾ ಕೂಸನ್ನು ಇನ್ನೂ ಸ್ವಲ್ಪ ಹತ್ತಿರ ಎಳೆದುಕೊಂಡಳು. ಎಲ್ಲಿ ಅಡಗಿತ್ತೋ, ಒಡಕು ಮಡಕೆಯಂಥ ಒಂದು ದನಿ ಅವಳಿಂದ ಹೊರಬಂತು.

"ಮೊದ್ಲು ಕೈ ಒರ್ಸ್ಕೋ ಮಾರಾಯಾ. ಕೂಸಿಗೆ ಥಂಡಿ ಆಗ್ತದೆ."